ಇನ್ನೊಂದು ಏಳನೇ ಬೋಗಿ

ಬಾಸೆಲ್
6 ಮಾರ್ಚ್ 2023

ಅಪ್ಪ,

ಫೋನಿನಲ್ಲಿ ನೀನು ‘ಹೂಂ’ ಮತ್ತು ‘ಸರಿ, ಇಡ್ಲಾ’ ಬಿಟ್ಟು ಮೂರನೆಯ ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ. ನಿಮ್ಮಪ್ಪನ ಬಾಯಿ ಇರೋದು ಪೆನ್ನಿನ ತುದೀಲಿ ಅಂತ ಅಮ್ಮ ಅನ್ನುತ್ತಿದ್ದಳಲ್ಲ, ಅದೆಷ್ಟು ನಿಜವೋ ನೋಡೇಬಿಡೋಣ.

ಜೂನ್ ಮೂರಕ್ಕೆ ಟಿಲ್ಡೆಗೆ ಆರು ತುಂಬುತ್ತದೆ. ನೀನು ಬರಬೇಕು. ಅಮ್ಮ ಹೋದಮೇಲೆ ನೀನು ಓಡೆನ್ಸೆ ಬಿಟ್ಟು ಹೊರಟಿಲ್ಲ. ಮಣ್ಣು ಮಾಡಿ ನಾವು ವಾಪಸು ಬರುವಾಗ ‘ಬೇಸಿಗೇಲಿ ಬರ್ತೀನಿ’ ಅಂದಿದ್ದೆ. ಟಿಲ್ಡೆ ಅದನ್ನು ಮರೆತಿಲ್ಲ.

ಮತ್ತೆ, ರೈಲಿನಲ್ಲಿ ಬಾ. ಬೆಳಗ್ಗೆ ಹತ್ತಿದರೆ ಮಧ್ಯಾಹ್ನ ಹ್ಯಾಂಬುರ್ಗ್, ಅಲ್ಲಿ ಒಂದೇ ಸಲ ಬದಲಿಸಿದರೆ ಸಂಜೆಗೆ ಬಾಸೆಲ್. ನೀವಿಬ್ಬರೂ ಬರುತ್ತಿದ್ದ ಅದೇ ರೈಲು. ವಿಮಾನದ ಮಾತೆತ್ತಬೇಡ. ವಿಮಾನದ ಹೊಗೆಯಿಂದ ಭೂಮಿ ಬಿಸಿಯಾಗುತ್ತದೆ, ಯೂರೋಪಿನೊಳಗೆ ಓಡಾಡಲು ಇನ್ನು ಮೇಲೆ ವಿಮಾನ ಹತ್ತುವುದಿಲ್ಲ ಅಂತ ಅಮ್ಮನ ಹಾಡಿನ ಗುಂಪಿನವರೆಲ್ಲ ಕಾಫಿ ಕುಡಿಯುತ್ತಾ ಆಣೆ ಮಾಡಿದ್ದು ನಿನ್ನ ಎದುರಿಗೇ ಅಲ್ಲವೇ? ಉಳಿದವರೆಲ್ಲ ಮುಂದಿನ ಚಳಿಗಾಲಕ್ಕೇ ಬಿಸಿಲು ಕಾಯಲು ಮಯೋರ್ಕಾ ದ್ವೀಪಕ್ಕೆ ಹಾರಿದರು, ಅಮ್ಮ ಹಾರಲಿಲ್ಲ. ನಾನೂ ಹಾರುವುದಿಲ್ಲ.

ಟಿಲ್ಡೆಯ ಕೋಣೆಯ ಭೂಪಟ ಹಾಗೇ ಇದೆ. ಅಮ್ಮ ಪ್ರತಿಸಲ ಬಂದಾಗಲೂ ರೈಲಿನಲ್ಲಿ ಹೆಣೆದು ಉಳಿದ ಉಣ್ಣೆಯ ಎಳೆಯನ್ನು ಓಡೆನ್ಸೆಯಿಂದ ಬಾಸೆಲ್‌ವರೆಗೆ ಗುಂಡುಪಿನ್ನು ಚುಚ್ಚಿ ಎಳೆಯುತ್ತಿದ್ದಳಲ್ಲ, ಈಗ ಒಂದು ಜಡೆಯಷ್ಟು ದಪ್ಪ ಆಗಿದೆ. ‘ಅಜ್ಜಂದು ಯಾವ ಬಣ್ಣ?’ ಅಂತ ಈಗಲೇ ಕೇಳುತ್ತಿದ್ದಾಳೆ.

ನಿನ್ನ
ಮೆರೆಟೆ

~

ಓಡೆನ್ಸೆ
15 ಮಾರ್ಚ್ 2023

ಪ್ರೀತಿಯ ಮೆರೆಟೆ,

‘ವಿ ಬೆಗ್ ಟು ಅಕ್ನಾಲೆಡ್ಜ್ ಯುವರ್ ಎಸ್ಟೀಮ್ಡ್ ಲೆಟರ್.’ ಕಾಲೇಜಿನಲ್ಲಿ ವ್ಯಾಪಾರದ ಇಂಗ್ಲಿಷ್ ಅಂತ ಎರಡು ವರ್ಷ ಇದನ್ನೇ ತಿದ್ದಿಸಿದ್ದರು. ಆಮೇಲಿನ ವಾಕ್ಯ ಏನೆಂದು ನೆನಪಿಲ್ಲ. ನನ್ನ ಇಂಗ್ಲಿಷ್ ಎಲ್ಲ ಹೀಗೇ, ಬಾಗಿಲು ಚೆನ್ನಾಗಿದೆ, ಒಳಗೆ ಮನೆಯೇ ಇಲ್ಲ. ಪಾಪ ನಿನ್ನ ಗಂಡ ಉರ್ಸ್. ಅವನಿಗೆ ನಮ್ಮ ಭಾಷೆ ಬರೋಲ್ಲ, ನನಗೆ ಅವನದು ಬರೋಲ್ಲ. ಮೊದಲ ಸಲ ಬಂದಾಗ ‘ದಿ ವೆದರ್ ಈಸ್ ಸ್ಯಾಟಿಸ್‌ಫ್ಯಾಕ್ಟರಿ’ ಅಂದೆ. ಅವನು ಅರ್ಧ ಗಂಟೆ ಕಿಟಕಿಯನ್ನೇ ನೋಡುತ್ತಾ ಕೂತ. ನಿನ್ನಮ್ಮ ಅಡುಗೆಮನೆಗೆ ಹೋಗಿ ನಕ್ಕುಬಂದಳು.

ಇಲ್ಲಿ ಎಲ್ಲ ಸೌಖ್ಯ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಡುಗೆ ಮಾಡುತ್ತೇನೆ. ಆಲೂಗಡ್ಡೆ ಬೇಯಿಸುವುದು ಬಂತು, ಸಾರು ಇನ್ನೂ ಗಂಟಾಗುತ್ತದೆ. ಪಕ್ಕದ ಮನೆಯ ವೆರ್ನರ್ ದಿನಾ ಹನ್ನೊಂದಕ್ಕೆ ಕಾಫಿಗೆ ಬರುತ್ತಾನೆ. ನಿನ್ನ ಕಾಗದದ ವಿಷಯ ಹೇಳಿದೆ. ‘ಹದಿಮೂರು ಗಂಟೆ ಕೂರ್ತೀಯೇನೋ? ವಿಮಾನದಲ್ಲಿ ಹೋದ್ರೆ ಬಿಸ್ಕತ್ತು ಮುಗಿಯೋದ್ರೊಳಗೆ ಬಾಸೆಲ್! ನಿನ್ನ ಮಗಳು ನಿನ್ನನ್ನೇನು ಪಾರ್ಸೆಲ್ ಅಂದ್ಕೊಂಡಿದಾಳಾ?’ ಅಂದ. ‘ಪಾರ್ಸೆಲ್ ಆದ್ರೆ ಜೋಪಾನವಾಗಾದ್ರೂ ಕಳಿಸ್ತಾರೆ, ನೀನು ಸುಮ್ನೆ ಕಾಫಿ ಕುಡಿ’ ಅಂದೆ.

ಅವನು ಹೇಳುವುದರಲ್ಲಿ ಸ್ವಲ್ಪ ನಿಜ ಇಲ್ಲದಿಲ್ಲ. ಕೋಪೆನ್‌ಹೇಗನ್‌ನಿಂದ ನೇರ ವಿಮಾನ ಇದೆ, ಟಿಕೆಟ್ಟೂ ಅಗ್ಗ. ಆದರೆ ನೋಡು, ಆ ವಿಮಾನ ಹಿಡಿಯಲು ಇಲ್ಲಿಂದ ಪೂರ್ವಕ್ಕೆ ರೈಲಿನಲ್ಲೇ ಹೋಗಬೇಕು, ನೀನಿರುವುದು ದಕ್ಷಿಣಕ್ಕೆ. ಇದನ್ನೆಲ್ಲ ವಾದಕ್ಕೆಂದು ಬರೆಯುತ್ತಿಲ್ಲ. ಮೊಣಕಾಲು ಅಷ್ಟು ಹೊತ್ತು ಮಡಚಿಕೊಂಡಿರುತ್ತದೋ ಇಲ್ಲವೋ ಎಂಬುದಷ್ಟೇ ಚಿಂತೆ.

ಆಯ್ತು. ರೈಲಿನಲ್ಲೇ ಬರುತ್ತೇನೆ. ಟಿಲ್ಡೆಗೆ ಹೇಳು.

ಇಂತಿ ನಿನ್ನ
ಅಪ್ಪ

~

ಬಾಸೆಲ್
2 ಮೇ 2023

ಅಪ್ಪ,

ಟಿಲ್ಡೆ ಕುಣಿದಾಡುತ್ತಿದ್ದಾಳೆ. ಎಡಗಡೆ ಕಿಟಕಿಯ ಸೀಟು ಹಿಡಿ, ಬೆನ್ನಿಗೆ ಅಮ್ಮನ ಚಿಕ್ಕ ದಿಂಬು ತಗೋ. ಹ್ಯಾಂಬುರ್ಗಿನಲ್ಲಿ ಪ್ಲಾಟ್‌ಫಾರ್ಮ್ ಬದಲಾದರೆ ಗಾಬರಿಯಾಗಬೇಡ, ಯಾರನ್ನಾದರೂ ಕೇಳು. ನಿನ್ನ ಆ ‘ಎಸ್ಟೀಮ್ಡ್’ ಇಂಗ್ಲಿಷಿನಲ್ಲೇ ಕೇಳು, ಮರ್ಯಾದೆಯಿಂದ ಕೈಹಿಡಿದು ಕೂರಿಸಿಬರುತ್ತಾರೆ. ಸ್ಟೇಷನ್ನಿಗೆ ನಾವಿಬ್ಬರೂ ಬಂದಿರುತ್ತೇವೆ. ಒಂದು ಚಿಕ್ಕ ಆಶ್ಚರ್ಯವೂ ಇರಬಹುದು, ಈಗಲೇ ಹೇಳಲ್ಲ.

ಅಪ್ಪ, ನೀನು ಒಪ್ಪಿದ್ದು ನನಗೆ ಎಷ್ಟು ಸಮಾಧಾನ ಅಂತ ಬರೆಯಲು ಬರುತ್ತಿಲ್ಲ.

ನಿನ್ನ
ಮೆರೆಟೆ

~

ಓಡೆನ್ಸೆ
16 ಜೂನ್ 2023

ಪ್ರೀತಿಯ ಮೆರೆಟೆ,

ಸುಖವಾಗಿ ಮನೆ ಸೇರಿದೆ. ಹತ್ತು ದಿನ ನನ್ನನ್ನು ಇಟ್ಟುಕೊಂಡು ಸಾಕಿದ್ದಕ್ಕೆ ಏನು ಹೇಳಲಿ. ಕೇಕಿನ ಮೇಲೆ ಟಿಲ್ಡೆ ತಾನೇ ಬಾವುಟ ನೆಟ್ಟಿದ್ದು, ಉರ್ಸ್ ನಮ್ಮ ಹುಟ್ಟುಹಬ್ಬದ ಹಾಡನ್ನು ಒಂದೂ ಅರ್ಥವಾಗದೆ ಪೂರ್ತಿ ಹಾಡಿದ್ದು, ಎಲ್ಲ ಕಣ್ಣಿಗೆ ಕಟ್ಟಿದೆ.

ಬಾಸೆಲ್‌ಗೆ ಬರುವಾಗಿನ ಪ್ರಯಾಣದ ಬಗ್ಗೆ ಅಲ್ಲಿ ಸರಿಯಾಗಿ ಹೇಳಲೇ ಆಗಲಿಲ್ಲ, ನೀನೂ ಕೇಳಲಿಲ್ಲ. ಹ್ಯಾಂಬುರ್ಗಿನಲ್ಲಿ ರೈಲು ಬದಲಿಸುವಾಗ ಮೀನಿನ ಬನ್ ತಿಂದೆ, ಈರುಳ್ಳಿ ಜಾಸ್ತಿ. ಗ್ಯೋಟಿಂಗೆನ್‌ನಲ್ಲಿ ಒಬ್ಬ ಮುದುಕ ನಾಯಿ ಜೊತೆ ಹತ್ತಿದ. ಆ ನಾಯಿಗೂ ಟಿಕೆಟ್ ಇತ್ತು, ಗೊತ್ತಾ? ನಾಯಿ ನನ್ನ ಬೂಟಿನ ಮೇಲೆ ಗದ್ದ ಊರಿ ಫ್ರಾಂಕ್‌ಫರ್ಟ್‌ವರೆಗೆ ನಿದ್ದೆ ಮಾಡಿತು. ನಮ್ಮ ಬೋಗಿ ಚರ್ಚಿನಂತೆ ನಿಶ್ಶಬ್ದ. ಫ್ರೈಬುರ್ಗ್ ಬರುವಾಗ ಎಂಥ ಮಳೆ! ಕಿಟಕಿಯಾಚೆ ಏನೆಂದರೆ ಏನೂ ಕಾಣಲಿಲ್ಲ. ಇಲ್ಲದಿದ್ದರೆ ಕಾಡು ಬೆಟ್ಟದ ವರ್ಣನೆಯನ್ನೂ ಬರೆಯುತ್ತಿದ್ದೆ.

ವಾಪಸು ಹೋಗುವಾಗಲೂ ಹಾಗೇ, ಏನೂ ತೊಂದರೆಯಾಗಲಿಲ್ಲ. ಮೊಣಕಾಲು ಒಳ್ಳೆಯ ಹುಡುಗನ ಹಾಗೆ ನಡೆದುಕೊಂಡಿತು.

ಟಿಲ್ಡೆ ಒಂದು ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ ಕಣೇ. ‘ಅಜ್ಜ, ನಿಂದು ಎಷ್ಟನೇ ಬೋಗಿ?’ ಅಂತ. ಊಟಕ್ಕೆ ಕೂತಾಗ, ಬಚ್ಚಲ ಬಾಗಿಲಲ್ಲಿ, ಮಲಗುವ ಮೊದಲು. ‘ಏಳು’ ಅಂದೆ. ‘ಸರಿಯಾಗಿ ಜ್ಞಾಪಿಸ್ಕೋ, ಏಳೇನಾ?’ ‘ಏಳೇ ಕಣಮ್ಮ.’ ಆಮೇಲೆ ನಿನ್ನ ಮುಖ ನೋಡಿ ಸುಮ್ಮನಾದಳು. ಈ ಮಗು ದೊಡ್ಡದಾಗಿ ವಕೀಲೆ ಆಗುತ್ತಾಳೆ, ಬರೆದಿಟ್ಟುಕೋ.

ಭೂಪಟಕ್ಕೆ ಎಳೆ ಕೇಳಿದಾಗ ಪೇಚಾಯಿತು. ಹೆಣಿಗೆ ನನಗೆಲ್ಲಿ ಬರುತ್ತದೆ? ಬಚ್ಚಲಿಗೆ ಹೋಗಿ, ನಿನ್ನಮ್ಮ ಹಾಕಿಕೊಟ್ಟ ಕಂದು ಸ್ವೆಟರಿನ ತೋಳಿನಿಂದ ಒಂದೆಳೆ ಕಿತ್ತು ತಂದೆ. ಈಗ ಆ ತೋಳು ಬಿಚ್ಚುತ್ತಾ ಬಿಚ್ಚುತ್ತಾ ಮೊಣಕೈ ಹತ್ತಿರ ಬಂದಿದೆ. ಗಂಟು ಹಾಕುವುದು ಹೇಗೆಂದು ಗೊತ್ತಿದ್ದವಳು ಒಬ್ಬಳೇ.

ಅಂದಹಾಗೆ, ಸ್ಟೇಷನ್ನಿನಲ್ಲಿ ನನ್ನ ಕೈಗೆ ಬನ್ನಿನ ಚೀಲ ಕೊಟ್ಟೆಯಲ್ಲ, ಅದರ ಮೇಲೆ ಫ್ರೈಬುರ್ಗಿನ ಬೇಕರಿಯ ಹೆಸರಿತ್ತು. ಗಡಿ ದಾಟಿ ಬ್ರೆಡ್ ತರುವಷ್ಟು ತುಟ್ಟಿಯೇ ನಿಮ್ಮ ಬಾಸೆಲ್?

ಇಂತಿ ನಿನ್ನ
ಅಪ್ಪ

~

ಬಾಸೆಲ್
11 ಜುಲೈ 2023

ಅಪ್ಪ,

ಕಾಗದ ಬಂತು. ಸುಖವಾಗಿ ತಲುಪಿದ್ದು ಸಂತೋಷ. ಟಿಲ್ಡೆಗೆ ರಜ ಶುರುವಾಗಿದೆ. ಇಲ್ಲಿ ಸೆಕೆ. ಸ್ವೆಟರ್ ಕಳಿಸು, ಉರ್ಸ್‌ನ ತಾಯಿ ಸರಿಮಾಡಿಕೊಡುತ್ತಾರಂತೆ.

ಮೆರೆಟೆ

~

ಓಡೆನ್ಸೆ
4 ಸೆಪ್ಟೆಂಬರ್ 2023

ಪ್ರೀತಿಯ ಮೆರೆಟೆ,

ನಿನ್ನ ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಇದೆಯೇನೋ ಎಂದು. ಇರಲಿಲ್ಲ. ಕೆಲಸ ಹೆಚ್ಚಿರಬೇಕು.

ಹಿತ್ತಲಿನ ಪ್ಲಮ್ ಮರ ಈ ವರ್ಷ ಹುಚ್ಚು ಹಿಡಿದವರ ಹಾಗೆ ಬಿಟ್ಟಿದೆ. ನಿನ್ನಮ್ಮ ಇದ್ದಿದ್ದರೆ ಜಾಮ್ ಮಾಡುತ್ತಿದ್ದಳು. ನಾನೂ ಒಂದು ಕೈ ನೋಡಿದೆ. ತಳ ಹತ್ತಿ ಪಾತ್ರೆಯೇ ಹೋಯಿತು. ವೆರ್ನರ್ ಬಂದು ಮೂಸಿ ನೋಡಿ, ‘ರಸ್ತೆಗೆ ಡಾಂಬರು ಹಾಕ್ಸೋದಿದ್ರೆ ಮುನಿಸಿಪಾಲಿಟಿಗೆ ಫೋನ್ ಮಾಡ್ಲಾ?’ ಅಂದ. ಅವನನ್ನು ಕಳಿಸಿ ಬಾಗಿಲು ಹಾಕಿದ ಮೇಲೆ ಮನೆ ಎಷ್ಟು ದೊಡ್ಡದಾಯಿತು ಅಂತೀಯ.

ಸ್ವೆಟರ್ ಕಳಿಸಲಿಲ್ಲ. ಅವರ ಕೈಯ ಗಂಟು ಬೇರೆ, ನಿನ್ನಮ್ಮನ ಕೈಯ ಗಂಟು ಬೇರೆ. ಅವರು ತಪ್ಪು ತಿಳಿಯಬಾರದು. ನೀನೇ ಏನಾದರೂ ಹೇಳು.

ಮೊನ್ನೆ ಫೋನ್ ಮಾಡಿದಾಗ ಟಿಲ್ಡೆಯ ಕೈಗೆ ಕೊಡು ಅಂದೆ. ‘ಈಗ ಬೇಡ ಅಪ್ಪ’ ಅಂದೆ ನೀನು. ಹಿಂದಿನಿಂದ ಅವಳ ದನಿ ಕೇಳುತ್ತಿತ್ತು. ನಾನೇನಾದರೂ ತಪ್ಪು ಮಾತಾಡಿದೆನೇ? ಉರ್ಸ್‌ಗೆ ನನ್ನ ಇಂಗ್ಲಿಷಿನಿಂದ ಏನಾದರೂ ಬೇಸರವಾಯಿತೇ? ನಾನು ‘ಯು ಆರ್ ಎ ಮೋಸ್ಟ್ ರಿಲಯಬಲ್ ಪಾರ್ಟಿ’ ಅಂದಿದ್ದು ಹೊಗಳಿಕೆಯಾಗಿಯೇ. ಸಾಲ ಕೊಡುವ ಮುಂಚೆ ವ್ಯಾಪಾರಿಗಳು ಹಾಗೆ ಬರೆಯುತ್ತಿದ್ದರು ಅಷ್ಟೆ.

ಮುಂದಿನ ಈಸ್ಟರ್‌ಗೆ ಬರೋಣವೆಂದಿದ್ದೇನೆ. ರೈಲಿನಲ್ಲೇ.

ಇಂತಿ ನಿನ್ನ
ಅಪ್ಪ

~

ಬಾಸೆಲ್
9 ಅಕ್ಟೋಬರ್ 2023

ಅಪ್ಪ,

‘ರೈಲಿನಲ್ಲೇ’ ಎಂಬ ನಿನ್ನ ಆ ಮಾತು ಓದಿದ ಮೇಲೆ ಇನ್ನು ಸುಮ್ಮನಿರಲು ಆಗುತ್ತಿಲ್ಲ. ಬೇಸಿಗೆಯಿಂದ ಮೂರು ಸಲ ಬರೆದು ಹರಿದಿದ್ದೇನೆ.

ಮೇ ಕಾಗದದಲ್ಲಿ ಆಶ್ಚರ್ಯ ಅಂತ ಬರೆದಿದ್ದೆನಲ್ಲ, ಅದು ಇದು. ನೀನು ಬಂದ ದಿನ ಮಧ್ಯಾಹ್ನ ನಾನೂ ಟಿಲ್ಡೆಯೂ ಫ್ರೈಬುರ್ಗಿಗೆ ಹೋದೆವು, ಬಾಸೆಲ್‌ಗೆ ಮುಂಚಿನ ದೊಡ್ಡ ಸ್ಟೇಷನ್. ಅಲ್ಲಿ ನಿನ್ನ ರೈಲು ಹತ್ತಿ, ಬೋಗಿ ಬೋಗಿ ನಡೆದು, ನೀನು ಕಿಟಕಿ ನೋಡುತ್ತಾ ಕೂತಿರುವಾಗ ಹಿಂದಿನಿಂದ ಬಂದು ಕಣ್ಣು ಮುಚ್ಚಬೇಕು ಅಂತ. ಐಡಿಯಾ ಟಿಲ್ಡೆಯದು. ಬನ್ ಕೊಂಡದ್ದೂ ಅವಳೇ, ನೀನು ಹಸಿದಿರುತ್ತೀ ಅಂತ.

ರೈಲು ಹೊತ್ತಿಗೆ ಸರಿಯಾಗಿ ಬಂತು. ಹತ್ತಿದೆವು. ಮಳೆ ಇರಲಿಲ್ಲ ಅಪ್ಪ, ಕಣ್ಣು ಕುಕ್ಕುವ ಬಿಸಿಲು. ಹಿಂದಿನ ಬೋಗಿಯಿಂದ ಮುಂದಿನ ಬೋಗಿಗೆ, ಅಲ್ಲಿಂದ ತಿರುಗಿ ಹಿಂದಕ್ಕೆ. ಟಿಲ್ಡೆ ಪ್ರತಿ ಮುದುಕರ ಮುಖವನ್ನೂ ಬಗ್ಗಿ ನೋಡಿದಳು. ಏಳನೇ ಬೋಗಿ ನಿಶ್ಶಬ್ದವಾಗಿರಲಿಲ್ಲ, ಪ್ರವಾಸ ಮುಗಿಸಿ ಬರುತ್ತಿದ್ದ ಶಾಲೆಯ ಮಕ್ಕಳು ಚಿಪ್ಸ್ ಎರಚಾಡುತ್ತಿದ್ದರು. ಶೌಚಾಲಯದ ಬಾಗಿಲುಗಳನ್ನೂ ತಟ್ಟಿದೆ. ನೀನು ಹ್ಯಾಂಬುರ್ಗಿನಲ್ಲಿ ಬಿದ್ದಿದ್ದೀಯ, ಎಲ್ಲೋ ಆಸ್ಪತ್ರೆಯಲ್ಲಿದ್ದೀಯ ಅಂದುಕೊಂಡೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ರೈಲು ಬಾಸೆಲ್‌ಗೆ ನುಗ್ಗುವಾಗ ಕಿಟಕಿಯಿಂದ ನೀನು ಕಂಡೆ. ಪ್ಲಾಟ್‌ಫಾರ್ಮಿನ ಕಂಬದ ಹಿಂದೆ ಪೆಟ್ಟಿಗೆ ಹಿಡಿದು ನಿಂತಿದ್ದೆ. ಬಾಗಿಲು ತೆರೆದ ಕೂಡಲೇ ಕೋಟನ್ನು ಕೈಯಲ್ಲಿ ಮುದುರಿ, ತಲೆಗೂದಲು ಕೆದರಿ, ಇಳಿಯುವವರ ನಡುವೆ ಸೇರಿಕೊಂಡೆ.

ನಾನು ಟಿಲ್ಡೆಯ ಬಾಯಿಗೆ ಕೈ ಇಟ್ಟೆ. ‘ನಾವು ರೈಲಿನಲ್ಲಿ ಹುಡುಕಿದ್ದು ಅಜ್ಜಂಗೆ ಹೇಳ್ಬೇಡ, ಇದು ಗುಟ್ಟು’ ಅಂದೆ. ಆಮೇಲೆ ನೀನು ‘ಏಳು’ ಅಂದಾಗ, ಅಷ್ಟು ಹುಡುಕಿದರೂ ಸಿಗದವನು ಇಲ್ಲಿ ಹೇಗೆ ಬಂದ ಅಂತ ಅವಳು ಕೇಳಿದಳು. ‘ಇನ್ನೊಂದು ಏಳನೇ ಬೋಗಿ ಇತ್ತು ಪುಟ್ಟಿ, ಅದಕ್ಕೆ ನಮ್ಮ ಕಡೆಯಿಂದ ದಾರಿ ಇರ್ಲಿಲ್ಲ’ ಅಂದುಬಿಟ್ಟೆ. ನಿನ್ನ ಮಾನ ಉಳಿಸಲು ಬಾಯಿಗೆ ಬಂದ ಸುಳ್ಳು.

ಅದಕ್ಕೆ ಅವಳು ಏನಂದಳು ಗೊತ್ತಾ? ‘ಹಾಗಾದ್ರೆ ಅಜ್ಜೀನೂ ಅದ್ರಲ್ಲೇ ಇದಾಳಾ?’

ಅವತ್ತಿನಿಂದ ಯಾವ ಸ್ಟೇಷನ್ನಿಗೆ ಹೋದರೂ ಬೋಗಿಗಳನ್ನು ಎಣಿಸುತ್ತಾಳೆ. ನಾವು ಎಲ್ಲಿಗಾದರೂ ಹೊರಟರೆ ಅಜ್ಜಿಗೆ ತೋರಿಸಲೆಂದು ಚಿತ್ರ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾಳೆ. ‘ಅಜ್ಜ ಕೂತಿದ್ರು ಅಂದ್ಮೇಲೆ ಆ ಬೋಗಿ ಇದ್ದೇ ಇದೆ’ ಅನ್ನುತ್ತಾಳೆ. ನಾನು ಏನೆಂದು ಹೇಳಲಿ? ಬೋಗಿ ಇಲ್ಲ ಅಂದರೆ ಅಜ್ಜ ಸುಳ್ಳುಗಾರ, ಇದೆ ಅಂದರೆ ಅಜ್ಜಿ ಅಲ್ಲಿದ್ದಾಳೆ.

ನೀನು ವಿಮಾನದಲ್ಲಿ ಬಂದೆ. ಇರಲಿ. ಆದರೆ ಯಾಕಪ್ಪ ಆ ನಾಯಿ, ಆ ಮಳೆ? ನನ್ನ ನಂಬಿಕೆ ಒಂದು ಮಕ್ಕಳಾಟ, ನಾಟಕವಾಡಿ ಸಂತೈಸಿದರೆ ಸಾಕು ಅಂದುಕೊಂಡೆಯಾ? ಅಮ್ಮನದೂ ಹಾಗೇ ಇತ್ತಾ ನಿನಗೆ?

ಮೆರೆಟೆ

~

ಓಡೆನ್ಸೆ
26 ನವೆಂಬರ್ 2023

ಮೆರೆಟೆ,

ಉತ್ತರ ತಡವಾಯಿತು. ಈ ಸಲ ಇಂಗ್ಲಿಷಿನ ಬಾಗಿಲೂ ಹೊಳೆಯಲಿಲ್ಲ.

ಹೌದು. ಮಧ್ಯಾಹ್ನವೇ ಬಂದಿಳಿದೆ. ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ನಿಮ್ಮ ಸ್ಟೇಷನ್ನಿಗೆ ಬಂದು ಸಂಜೆಯವರೆಗೆ ಮೂಲೆಯ ಕಾಫಿ ಅಂಗಡಿಯಲ್ಲಿ ಕೂತಿದ್ದೆ. ದೂರದಿಂದ ಬಂದ ರೈಲುಗಳಿಂದ ಇಳಿಯುವವರ ಮುಖ ನೋಡುತ್ತಿದ್ದೆ, ದಿನವೆಲ್ಲ ಕೂತು ಬಂದವರ ಮುಖ ಹೇಗಿರುತ್ತದೆ ಎಂದು. ಅದನ್ನು ಕಲಿಯಬೇಕಾಗಿತ್ತಲ್ಲ. ಹೋಗುವಾಗ ನೀವಿಬ್ಬರೂ ನನ್ನನ್ನು ರೈಲು ಹತ್ತಿಸಿ ಕೈಬೀಸಿದಿರಿ. ಟಿಲ್ಡೆ ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಓಡಿಬಂದಳು. ನದಿ ದಾಟಿದ ಕೂಡಲೇ ಊರಿನ ಇನ್ನೊಂದು ಸ್ಟೇಷನ್ ಬರುತ್ತದಲ್ಲ, ಅಲ್ಲೇ ಇಳಿದು ಮತ್ತೆ ವಿಮಾನ ನಿಲ್ದಾಣಕ್ಕೆ ಹೋದೆ. ಅವಳ ಕೈ ಇನ್ನೂ ಬೀಸುತ್ತಿತ್ತೋ ಏನೋ.

ಮೊಣಕಾಲಿಗಾಗಿ ಅಲ್ಲ. ಹಣಕ್ಕಾಗಿಯೂ ಅಲ್ಲ. ನಿನ್ನ ನಂಬಿಕೆ ಮಕ್ಕಳಾಟ ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ. ಮಯೋರ್ಕಾದಿಂದ ಬಂದವರೆಲ್ಲ ಕಂದು ಮುಖ ಹೊತ್ತು ಹಾಡಲು ನಿಂತಾಗ, ಬಿಳಿ ಮುಖದ ನಿನ್ನಮ್ಮನನ್ನು ನೋಡಿ ಎಷ್ಟು ಹೆಮ್ಮೆಪಟ್ಟಿದ್ದೆ ಎಂದು ಅವಳಿಗೂ ಹೇಳಲಿಲ್ಲ.

ಕಾರಣ ಬೇರೆ. ಅವಳು ಹೋದ ಮೇಲೆ, ಜನವರಿಯಲ್ಲಿ, ಕಣ್ಣಿನ ಡಾಕ್ಟರಿಗೆ ತೋರಿಸಲು ಕೋಲ್ಡಿಂಗ್‌ಗೆ ರೈಲಿನಲ್ಲಿ ಹೋದೆ, ನಿನಗೆ ಹೇಳಿರಲಿಲ್ಲ. ಅಭ್ಯಾಸಬಲದಿಂದ ಎದುರುಬದುರು ಸೀಟಿನಲ್ಲಿ ಕೂತೆ, ಎದುರಿನದು ಖಾಲಿ. ರೈಲಿನಲ್ಲಿ ಜನ ಕೇಳುತ್ತಾರೆ ನೋಡು. ಒಬ್ಬ ಹುಡುಗಿ, ಬೆನ್ನ ಮೇಲೆ ದೊಡ್ಡ ವಾದ್ಯದ ಪೆಟ್ಟಿಗೆ, ಬಂದು ಕೇಳಿದಳು: ‘ಇಲ್ಲಿ ಯಾರಾದ್ರೂ ಕೂತಿದಾರಾ?’

‘ಹೌದು, ಇದಾರೆ, ಈಗ ಬರ್ತಾರೆ’ ಅಂದೆ.

ನನಗೇ ಗೊತ್ತಿಲ್ಲದೆ ಬಂತು ಆ ಮಾತು. ಹುಡುಗಿ ಹೋಗಿ ಬಾಗಿಲ ಹತ್ತಿರ ನಿಂತಳು. ಪ್ರತಿ ಸ್ಟೇಷನ್ನಿನಲ್ಲೂ ಆ ಖಾಲಿ ಸೀಟನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಸೀಟಿನ ಮೇಲೆ ಟೋಪಿ ಇಟ್ಟೆ. ಕೋಲ್ಡಿಂಗ್ ಬರುವವರೆಗೂ ತೆಗೆಯಲಿಲ್ಲ.

ನಿನ್ನ ರೈಲಿನಲ್ಲಿ ಬಂದರೆ ದಿನವೆಲ್ಲ, ಊರೂರಿನಲ್ಲೂ, ಯಾರಾದರೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ. ನಾನು ಪ್ರತಿಸಲವೂ ಬಾಯಿಬಿಟ್ಟು ‘ಇಲ್ಲ, ಯಾರೂ ಇಲ್ಲ’ ಅನ್ನಬೇಕು. ವಿಮಾನದಲ್ಲಿ ಯಾರೂ ಕೇಳುವುದಿಲ್ಲ ಮಗಳೇ. ನಂಬರಿದ್ದಲ್ಲಿ ಬಂದು ಕೂರುತ್ತಾರೆ. ನಿನ್ನಮ್ಮನ ಜೊತೆ ನಾನು ವಿಮಾನ ಹತ್ತಿದ್ದು ಜೀವನದಲ್ಲಿ ಒಂದೇ ಸಲ, ಅದೂ ಬೇರೆ ಬೇರೆ ಸಾಲಿನಲ್ಲಿ. ಹಾಗಾಗಿ ಅಲ್ಲಿ ಅವಳು ಇಲ್ಲದಿರುವುದು ಕಾಣುವುದಿಲ್ಲ. ರೈಲಿನಲ್ಲಿ ಅವಳು ಮೊಟ್ಟೆ ಸುಲಿಯುವ ಜಾಗ ಇದೆ, ಫ್ಲಾಸ್ಕ್ ಇಡುವ ಜಾಗ ಇದೆ, ಕಾಸೆಲ್ ದಾಟಿದ ಮೇಲೆ ಕಾಲು ಚಾಚಿ ನನ್ನ ತೊಡೆಯ ಪಕ್ಕ ಇಡುವ ಜಾಗ ಇದೆ.

ಇದನ್ನು ಮಾರ್ಚಿನಲ್ಲೇ ಬರೆಯಬಹುದಿತ್ತು. ಬರೆದಿದ್ದರೆ ‘ಪಾಪ ಅಪ್ಪ’ ಎಂದು ನೀನು ಅಳುತ್ತಿದ್ದೆ, ವಿಮಾನದಲ್ಲೇ ಬಾ ಅನ್ನುತ್ತಿದ್ದೆ. ನಿನ್ನ ಕೈಯಲ್ಲಿ ಹಾಗೆ ಹೇಳಿಸುವುದು ಬೇಡವೆನಿಸಿತು. ನಾಯಿಯ ಕತೆ ಕಟ್ಟುವುದು ಸುಲಭ ಅನ್ನಿಸಿತು. ನಾಯಿಯನ್ನು ಕಟ್ಟಿದೆ, ಮಳೆ ಸುರಿಸಿದೆ. ಇಷ್ಟು ವರ್ಷ ಮನೆಯಲ್ಲಿ ಮಾತಾಡದವನು ಮೊದಲ ಸಲ ಮನಬಿಚ್ಚಿ ಬರೆದ ಕಾಗದ ಅದು, ಅದರಲ್ಲಿ ಪ್ರಯಾಣದ ಒಂದು ಸಾಲೂ ನಿಜವಿಲ್ಲ.

ಆ ಕಂದು ಎಳೆಯೊಂದನ್ನು ಬಿಟ್ಟು. ಆ ಸ್ವೆಟರನ್ನು ಅವಳು ನಿಮ್ಮಲ್ಲಿಗೆ ಬರುವ ರೈಲಿನಲ್ಲೇ ಹೆಣೆದಿದ್ದಳು. ಭೂಪಟದ ಮೇಲಿರುವುದು ಅವಳ ಪ್ರಯಾಣ, ನನ್ನದಲ್ಲ. ತೆಗೆಯಬೇಡ.

ಟಿಲ್ಡೆಗೆ ಏನು ಹೇಳಬೇಕು ಅಂತ ಯೋಚಿಸಿ ಸಾಕಾಗಿದೆ. ನೀನು ನನ್ನ ಮಾನ ಉಳಿಸಲು ಒಂದು ಬೋಗಿ ಕಟ್ಟಿದೆ. ಅವಳು ಅದರಲ್ಲಿ ಅಜ್ಜಿಯನ್ನು ಕೂರಿಸಿದಳು. ಕಟ್ಟಿಸಿದವನು ನಾನು.

ಅಪ್ಪ

~

ಬಾಸೆಲ್
21 ಜನವರಿ 2024

ಅಪ್ಪ,

ನಿನ್ನ ಕಾಗದವನ್ನು ಉರ್ಸ್‌ಗೆ ಓದಿ ಹೇಳಿದೆ. ಅವನು ‘ಹಿ ಈಸ್ ಎ ಮೋಸ್ಟ್ ರಿಲಯಬಲ್ ಪಾರ್ಟಿ’ ಅಂದ. ಅಳು ಬರುವಾಗ ನಗು ಬಂತು.

ನಾನೂ ಒಂದು ಹೇಳುತ್ತೇನೆ. ವಿಮಾನದಲ್ಲಿ ಬರಬೇಡ ಅಂದದ್ದು ಪೂರ್ತಿಯಾಗಿ ಗಾಳಿ ಹೊಗೆಯ ಲೆಕ್ಕಕ್ಕಲ್ಲ. ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನಿಮ್ಮಿಬ್ಬರಿಗೆ ಕಾದೂ ಕಾದೂ ಅಭ್ಯಾಸ. ಮೊದಲು ಅಮ್ಮನ ಚೀಲ ಇಳಿಯುತ್ತಿತ್ತು, ಆಮೇಲೆ ಅಮ್ಮ, ಅವಳ ಹಿಂದೆ ನೀನು. ನೀನು ಬೇರೆ ದಾರಿಯಲ್ಲಿ ಬಂದುಬಿಟ್ಟರೆ ನಾನು ಅಲ್ಲಿಗೆ ಹೋಗುವ ನೆಪವೇ ಇರಲ್ಲ. ಇದನ್ನು ನಾನೂ ಬರೆಯಲಿಲ್ಲ. ಯಾರ ಮಗಳು ಹೇಳು.

ಈಸ್ಟರ್‌ಗೆ ಬಾ. ಹೇಗಾದರೂ ಬಾ, ವಿಮಾನವಾದರೂ ಸರಿ. ಹೇಳಿ ಬಾ, ಅಷ್ಟೆ. ಟಿಲ್ಡೆಗೆ ಹೇಳಲು ನನ್ನಿಂದ ಆಗುತ್ತಿಲ್ಲ. ನಿನ್ನೆ ಅವಳು ಕೇಳಿದ್ದು: ‘ಆ ಬೋಗೀಲಿ ಸೆಕೆ ಆಗಲ್ವಾ? ಅಜ್ಜಿ ಕಿಟಕಿ ತೆಗೀತಾಳಾ?’

ನಿನ್ನ
ಮೆರೆಟೆ

~

ರೈಲಿನಲ್ಲಿ, ಕಾರ್ಲ್ಸ್‌ರೂಹೆ ದಾಟಿದ ಮೇಲೆ
27 ಮಾರ್ಚ್ 2024

ಪ್ರೀತಿಯ ಮೆರೆಟೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಗೇ ಕೊಡುತ್ತೇನೆ. ಅಕ್ಷರ ಕುಣಿಯುತ್ತಿದ್ದರೆ ಅದು ಹಳಿಯ ದೋಷ.

ಬೆಳಗ್ಗೆ ವೆರ್ನರ್ ಸ್ಟೇಷನ್ನಿಗೆ ಬಂದಿದ್ದ. ‘ನಾಳೆ ತಲುಪಿದ್ರೆ ಫೋನ್ ಮಾಡು, ನಾಡಿದ್ದು ತಲುಪಿದ್ರೆ ಕಾಗದ ಬರಿ’ ಅಂದ. ಬುತ್ತಿ ಅವನೇ ಕಟ್ಟಿಕೊಟ್ಟ. ಕಪ್ಪು ಬ್ರೆಡ್ಡು, ಮೊಟ್ಟೆ. ಮೊಟ್ಟೆ ಸುಲಿಯುವುದು ಇಷ್ಟು ಹಿಂಸೆ ಎಂದು ತಿಳಿದಿರಲಿಲ್ಲ. ಅರ್ಧ ಬಿಳಿ ಸಿಪ್ಪೆಯ ಜೊತೆಗೇ ಹೋಯಿತು. ನನ್ನ ಕೈಗೆ ಅದು ಯಾವಾಗಲೂ ಸುಲಿದು ಉಪ್ಪು ಹಾಕಿಯೇ ಬರುತ್ತಿತ್ತು.

ಹ್ಯಾಂಬುರ್ಗಿನಲ್ಲಿ ಒಬ್ಬ ದಪ್ಪ ಮನುಷ್ಯ ಬಂದು ಎದುರಿನ ಸೀಟು ತೋರಿಸಿ ಕೇಳಿದ. ಜರ್ಮನ್ನಿನಲ್ಲಿ ಕೇಳಿದ, ಆದರೂ ಅರ್ಥವಾಯಿತು. ಆತ ಪಾಪ ಕಾದ. ‘ನೋಬಡಿ. ಪ್ಲೀಸ್’ ಅಂದೆ. ಕೂತ.

ಅಷ್ಟೇ. ಆಕಾಶವೇನೂ ಬೀಳಲಿಲ್ಲ. ಆತ ಪೇಪರ್ ಬಿಚ್ಚಿದ. ಆದರೆ ಹೇಳುತ್ತೇನೆ ಮೆರೆಟೆ, ಮಣ್ಣು ಮಾಡಿದ ದಿನ ನಿನ್ನಮ್ಮ ಹೋಗಿರಲಿಲ್ಲ, ಆ ಮಾತು ಬಾಯಿಂದ ಹೊರಬಿದ್ದಾಗ ಹೋದಳು. ಕಾಸೆಲ್ ದಾಟಿದ ಮೇಲೆ ಆತ ಬೂಟು ಕಳಚಿ ಕಾಲು ಚಾಚಿದ. ನಾನು ಸ್ವಲ್ಪ ಸರಿದು ಜಾಗ ಕೊಟ್ಟೆ.

ಹೋದ ವರ್ಷವೇ ಇದನ್ನು ಮಾಡಬಹುದಿತ್ತು. ಆಗ ನೀವು ಫ್ರೈಬುರ್ಗಿನಲ್ಲಿ ಹತ್ತಿ, ನನ್ನನ್ನು ಹುಡುಕಿ, ಹಿಂದಿನಿಂದ ಕಣ್ಣು ಮುಚ್ಚುತ್ತಿದ್ದಿರಿ. ಬನ್ನು ಬಿಸಿಯಾಗಿರುತ್ತಿತ್ತು. ಇನ್ನೊಂದು ಬೋಗಿ ಹುಟ್ಟುತ್ತಲೇ ಇರಲಿಲ್ಲ.

ಏಳನೇ ಬೋಗಿಯಲ್ಲೇ ಸೀಟು ಹಿಡಿದಿದ್ದೇನೆ, ಎಡಗಡೆ ಕಿಟಕಿ. ನಾನು ಫೋನಿನಲ್ಲಿ ಹೇಳಿದಂತೆ ಟಿಲ್ಡೆಗೆ ನೀನು ಬೋಗಿಯ ನಂಬರು ಹೇಳಿಲ್ಲವೆಂದು ನಂಬಿದ್ದೇನೆ. ತಾನೇ ಹುಡುಕಲಿ. ಈ ಸಲ ಸಿಗುತ್ತೇನೆ. ಹೋದ ಸಲ ನಾನು ಈ ರೈಲಿನಲ್ಲಿ ಇರಲೇ ಇಲ್ಲ, ಏಳನೇ ಬೋಗಿ ಇರುವುದು ಇದೊಂದೇ, ಎಂದು ನಾನೇ ಹೇಳುತ್ತೇನೆ. ನನ್ನನ್ನು ಕಂಡು ನಗುತ್ತಾಳೆ. ಆಮೇಲೆ ನನ್ನ ಪಕ್ಕ ನೋಡುತ್ತಾಳೆ, ಎದುರು ನೋಡುತ್ತಾಳೆ. ನಾನು ಸಿಕ್ಕ ಆ ಗಳಿಗೆಯಲ್ಲೇ ಅಜ್ಜಿ ಇಲ್ಲವಾಗುತ್ತಾಳೆ. ಆರು ವರ್ಷದ ಮಗುವಿಗೆ ಅಜ್ಜ ಹೊತ್ತು ತರುವ ಉಡುಗೊರೆ ಇದು. ಸುಳ್ಳು ಹೇಳಿದವನು ವಿಮಾನದಲ್ಲಿ ಆರಾಮವಾಗಿ ಬಂದಿದ್ದ, ನಿಜ ಹೇಳುವವನು ಹದಿಮೂರು ಗಂಟೆ ಕೂತು ಬರುತ್ತಿದ್ದಾನೆ.

ಚಿತ್ರಗಳನ್ನು ಬರೆದಿಟ್ಟಿದ್ದಾಳಲ್ಲ, ನನಗೆ ತೋರಿಸುತ್ತಾಳೋ ಕೇಳಬೇಕು. ಸ್ವೆಟರ್ ಹಾಕಿಕೊಂಡು ಬಂದಿದ್ದೇನೆ, ಒಂದು ತೋಳು ಗಿಡ್ಡ. ಇನ್ನೊಂದೆಳೆಗೆ ಸಾಕು.

ದಪ್ಪ ಮನುಷ್ಯ ಕಾರ್ಲ್ಸ್‌ರೂಹೆಯಲ್ಲಿ ಇಳಿದ. ಇಳಿಯುವಾಗ ಕೈಕುಲುಕಿದ. ‘ದಿ ವೆದರ್ ಈಸ್ ಸ್ಯಾಟಿಸ್‌ಫ್ಯಾಕ್ಟರಿ’ ಅಂದೆ. ಆತ ಹೊರಗೆ ನೋಡಿ ಗಂಭೀರವಾಗಿ ತಲೆಯಾಡಿಸಿದ. ನಿಜಕ್ಕೂ ಬಿಸಿಲಿದೆ. ಎಡಗಡೆ ಬೆಟ್ಟ, ಕಪ್ಪು ಕಾಡು, ಎಲ್ಲ ಕಾಣುತ್ತಿದೆ.

ಈಗಷ್ಟೇ ಒಬ್ಬ ಹೆಂಗಸು ಬಂದು ಎದುರಿನ ಸೀಟು ತೋರಿಸಿ, ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದಳು.

‘ಇದಾರೆ. ಫ್ರೈಬುರ್ಗಿನಲ್ಲಿ ಹತ್ತುತ್ತಾರೆ’ ಅಂದೆ.

ರೈಲು ನಿಧಾನವಾಗುತ್ತಿದೆ.

ಇಂತಿ ನಿನ್ನ
ಅಪ್ಪ